ಮೂರನೇ ನಿಮಿಷ, ನಲವತ್ತನೇ ನಿಮಿಷ: ಚಿಕ್ಕಮಗಳೂರಿನ ಒಂದು ಎಡಿಟಿಂಗ್ ಕಂಪ್ಯೂಟರಿಗೆ ಕೂಲರ್ ಆರಿಸಿದ ಪ್ರಕರಣ

ದೂರು

2023ರ ಮೇ ತಿಂಗಳ ಮೊದಲ ವಾರ, ವಿಧಾನಸಭಾ ಚುನಾವಣೆಗೆ ಇನ್ನೂ ಕೆಲವು ದಿನ ಬಾಕಿ ಇದ್ದಾಗ, ಚಿಕ್ಕಮಗಳೂರಿನಲ್ಲಿರುವ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಮದುವೆ ವಿಡಿಯೋ ಎಡಿಟಿಂಗ್ ಮಾಡುವ ಒಬ್ಬರು ಬಂದು, ತಮ್ಮ ಕಂಪ್ಯೂಟರಿಗೆ ಲಿಕ್ವಿಡ್ ಕೂಲರ್, ಅಂದರೆ ಪಂಪಿನಿಂದ ದ್ರವ ಸುತ್ತಿಸಿ ಪ್ರೊಸೆಸರನ್ನು ತಣಿಸುವ ಸಾಧನ, ಹಾಕಿಕೊಡಬೇಕೆಂದು ಕೇಳಿದರು. ಏನಾಗಿದೆ ನೋಡಿ ಎಂದು ಅವರು ಹೇಳಲಿಲ್ಲ. ಮದ್ದನ್ನು ತಾವೇ ಬರೆದುಕೊಂಡು ಬಂದಿದ್ದರು. "ಅಣ್ಣ, ಲಿಕ್ವಿಡ್ ಹಾಕಿಬಿಡಿ ಮಾರಾಯ್ರೆ, ಈ ಫ್ಯಾನಿನ ಕಾಟ ಸಾಕಾಗಿದೆ" ಎಂಬುದು ಅವರ ಮಾತು. ಚುನಾವಣಾ ಪ್ರಚಾರದ ಸಣ್ಣ ವಿಡಿಯೋಗಳು ಒಂದು ಕಡೆ, ಮದುವೆಯ ಎರಡು ಗಂಟೆಯ ವಿಡಿಯೋಗಳು ಇನ್ನೊಂದು ಕಡೆ ಬಂದು ಕೂತಿದ್ದವು. ಎಡಿಟ್ ಮಾಡಿದ್ದನ್ನು ಒಂದೇ ವಿಡಿಯೋ ಫೈಲಾಗಿ ಹೊರತೆಗೆಯುವ ಎಕ್ಸ್‌ಪೋರ್ಟ್‌ಗೆ ರಾತ್ರಿ ಹಾಕಿದರೆ ಕಂಪ್ಯೂಟರ್ ಕೂಗುವ ಸದ್ದಿಗೆ ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ಎಚ್ಚರವಾಗುತ್ತಿತ್ತು, ಕೆಲಸವೂ ಮೊದಲಿಗಿಂತ ನಿಧಾನವಾಗಿತ್ತು.

ಅವರ ಮನೆ ಕೈಮರಕ್ಕೆ ಹೋಗುವ ದಾರಿಯಲ್ಲಿ, ಊರು ಮುಗಿದು ತೋಟಗಳು ಶುರುವಾಗುವ ಕಡೆ ಇದೆ. ಮನೆಯ ಹಿಂದೆ ಸ್ವಲ್ಪ ಕಾಫಿ ತೋಟ, ಮುಂದೆ ಸಿಮೆಂಟಿನ ಕಣ. ಕಣಕ್ಕೆ ಮುಖ ಮಾಡಿದ ಜಗುಲಿಯ ಒಂದು ತುದಿಗೆ ಗೋಡೆ ಕಟ್ಟಿ ಮಾಡಿಕೊಂಡ ಹೆಂಚಿನ ಕೋಣೆಯೇ ಅವರ ಸ್ಟುಡಿಯೋ. ಈ ವಿವರಗಳಿಗೂ ಕೂಲರಿಗೂ ಸಂಬಂಧವಿಲ್ಲವೆಂದು ಮೊದಲ ದಿನ ನನಗೂ ಅನ್ನಿಸಿತ್ತು.

ಕಂಪ್ಯೂಟರಿನಲ್ಲಿದ್ದುದು ಇಂಟೆಲ್ ಕೋರ್ ಐ7-12700ಕೆ ಪ್ರೊಸೆಸರ್. ಇದರಲ್ಲಿ ಎಂಟು ದೊಡ್ಡ ಕೋರ್‌ಗಳೂ ನಾಲ್ಕು ಚಿಕ್ಕ ಕೋರ್‌ಗಳೂ ಇವೆ. ಎಲ್ಲ ದೊಡ್ಡ ಕೋರ್‌ಗಳೂ ಒಟ್ಟಿಗೆ ದುಡಿಯುವಾಗ ಕಂಪನಿ ಇಟ್ಟ ವೇಗ 4.7 ಗಿಗಾಹರ್ಟ್ಸ್. ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಅವರ ಭಾವಮೈದ ಯುಗಾದಿ ರಜೆಗೆ ಬಂದಾಗ ಬಯಾಸ್‌ನಲ್ಲಿ, ಅಂದರೆ ಮದರ್‌ಬೋರ್ಡಿನ ಮೂಲ ಸೆಟ್ಟಿಂಗಿನಲ್ಲಿ, ಅದನ್ನು 5.0ಕ್ಕೆ ಏರಿಸಿ (ಹೀಗೆ ಕಂಪನಿಯ ವೇಗಕ್ಕಿಂತ ಮೇಲೆ ಓಡಿಸುವುದಕ್ಕೇ ಓವರ್‌ಕ್ಲಾಕ್ ಎನ್ನುವುದು), ವೋಲ್ಟೇಜನ್ನು ಮದರ್‌ಬೋರ್ಡಿನ ವಿವೇಚನೆಗೇ ಬಿಟ್ಟು ಹೋಗಿದ್ದರು. ಮೇಲೆ ಕೂತಿದ್ದುದು ನಾಲ್ಕು ಹೀಟ್ ಪೈಪ್ (ಶಾಖ ಸಾಗಿಸುವ ತಾಮ್ರದ ಕೊಳವೆ), ಒಂದು 120 ಮಿಲಿಮೀಟರ್ ಫ್ಯಾನ್ ಇರುವ ಒಂಟಿ ಗೋಪುರದ, ಅಂದರೆ ಲೋಹದ ರೆಕ್ಕೆಗಳ ಒಂದೇ ಅಟ್ಟಿಯ, ಏರ್ ಕೂಲರ್. ಮಾರಿದವರು ಈ ಪ್ರೊಸೆಸರಿನ 125 ವ್ಯಾಟ್ ಎಂಬ ಸಂಖ್ಯೆಯನ್ನು ನೋಡಿ ಅದನ್ನು ಕೊಟ್ಟಿರಬೇಕು. 125 ಎನ್ನುವುದು ಮೂಲ ವೇಗದಲ್ಲಿ ಎಳೆಯುವ, ಅಂದರೆ ಶಾಖವಾಗಿ ಹೊರಬರುವ ವಿದ್ಯುತ್ತಿನ ಲೆಕ್ಕ. ಭಾರ ಬಿದ್ದಾಗ ತಾನೇ ವೇಗ ಏರಿಸಿಕೊಳ್ಳುವ ಟರ್ಬೋದಲ್ಲಿ ಇಂಟೆಲ್ ಹೇಳುವ ಗರಿಷ್ಠವೇ 190 ವ್ಯಾಟ್. ಓವರ್‌ಕ್ಲಾಕ್ ಮಾಡಲೆಂದೇ ಮಾರುವ ಝಡ್690 ಮಾದರಿಯ ಎಷ್ಟೋ ಬೋರ್ಡುಗಳು ಆ ಮಿತಿಯನ್ನೂ ತೆಗೆದುಹಾಕಿ, ಅದರ ಜಾಗದಲ್ಲಿ 4096 ವ್ಯಾಟ್ ಎಂದು ಬರೆದಿಟ್ಟಿರುತ್ತವೆ. ಆ ಸಂಖ್ಯೆಗೆ ಮಿತಿಯೇ ಇಲ್ಲವೆಂದು ಅರ್ಥ.

ಇಲ್ಲಿ ಒಂದು ಮಾತನ್ನು ಹೇಳಿಬಿಡಬೇಕು. 4.7ರಿಂದ 5.0ಕ್ಕೆ ಏರಿಸಿದರೆ ವೇಗ ಹೆಚ್ಚುವುದು ನೂರಕ್ಕೆ ಆರರಷ್ಟು. ನಲವತ್ತು ನಿಮಿಷದ ಎಕ್ಸ್‌ಪೋರ್ಟ್‌ನಲ್ಲಿ ಎರಡೂವರೆ ನಿಮಿಷ ಉಳಿದೀತು, ಅದೂ ಉಳಿದೆಲ್ಲ ಸರಿಯಿದ್ದರೆ. ಇಷ್ಟಕ್ಕಾಗಿ ಈ ಶಾಖವನ್ನೆಲ್ಲ ಹೊತ್ತುಕೊಳ್ಳಬೇಕೇ ಎಂದು ಕೇಳಿದೆ. ಅವರು ಬೇಕೆಂದರು. ಗ್ರಾಫಿಕ್ಸ್ ಕಾರ್ಡಿನಲ್ಲಿರುವ, ವಿಡಿಯೋವನ್ನು ಕುಗ್ಗಿಸಿ ಫೈಲು ಮಾಡುವ ಎನ್‌ಕೋಡರಿಗೆ ಕೆಲಸ ವಹಿಸಿದರೆ ಪ್ರೊಸೆಸರಿನ ಭಾರವೇ ಇಳಿಯುತ್ತದೆ ಎಂದೆ. ಹಾಗೆ ಮಾಡಿದರೆ ಪೆನ್‌ಡ್ರೈವ್‌ನಲ್ಲಿ ಕೊಡುವ ಚಿಕ್ಕ ಗಾತ್ರದ ಪ್ರತಿಯಲ್ಲಿ ದೀಪಾಲಂಕಾರ, ಹೂವಿನ ಮಂಟಪಗಳೆಲ್ಲ ಕಲಸಿದಂತಾಗುತ್ತವೆ, ಪ್ರೊಸೆಸರಿನಲ್ಲೇ ನಿಧಾನವಾಗಿ ಎನ್‌ಕೋಡ್ ಮಾಡಿದರೆ ಚೆನ್ನಾಗಿ ಬರುತ್ತದೆ ಎಂದರು. ಆ ಮಾತಿನಲ್ಲಿ ಸತ್ಯವಿದೆ. ಹೀಗಾಗಿ ಓವರ್‌ಕ್ಲಾಕ್ ಇರುತ್ತದೆ, ಪ್ರೊಸೆಸರ್ ಪೂರ್ತಿ ಭಾರದಲ್ಲಿ ಹೊತ್ತುಗಟ್ಟಲೆ ದುಡಿಯುತ್ತದೆ ಎಂಬ ಎರಡು ಷರತ್ತುಗಳನ್ನು ಒಪ್ಪಿಕೊಂಡೇ ಮುಂದಿನದನ್ನೆಲ್ಲ ಮಾಡಿದೆ.

ಮೊದಲ ದಿನ ಕಂಡದ್ದು

ಕಂಪ್ಯೂಟರನ್ನು ಅಂಗಡಿಗೆ ತರಿಸದೆ ಅದು ಇದ್ದ ಜಾಗದಲ್ಲಿಯೇ ನೋಡಲು ಹೋದದ್ದು ಒಳ್ಳೆಯದಾಯಿತು. ಮಧ್ಯಾಹ್ನ ಮೂರು ಗಂಟೆಗೆ ಕೋಣೆಯ ತಾಪ 32 ಡಿಗ್ರಿ ಇತ್ತು. ಕ್ಯಾಬಿನೆಟ್ ಕೂತಿದ್ದುದು ಮರದ ಕಂಪ್ಯೂಟರ್ ಟೇಬಲ್ಲಿನ ಬಾಗಿಲಿರುವ ಖಾನೆಯೊಳಗೆ. ಅದರ ಒಳಗೆ, ಗಾಳಿ ಎಳೆದುಕೊಳ್ಳುವ ಮುಂಭಾಗದ ಬಳಿ ಥರ್ಮಾಮೀಟರ್ ಇಟ್ಟರೆ 38. ಪ್ರೊಸೆಸರ್ ತನ್ನ ಬಿಸಿಯನ್ನು ಹೊರಗೆ ಉಗುಳುತ್ತದೆ, ಖಾನೆಯೊಳಗೆ ಸುತ್ತಿ ಬಂದ ಅದೇ ಬಿಸಿಯನ್ನು ಮತ್ತೆ ಮುಂದಿನಿಂದ ಎಳೆದುಕೊಳ್ಳುತ್ತದೆ. ಎಕ್ಸ್‌ಪೋರ್ಟ್ ಶುರು ಮಾಡಿ ಎರಡು ನಿಮಿಷವಾಗುವುದರೊಳಗೆ ತಾಪ 100 ಡಿಗ್ರಿ ಮುಟ್ಟಿತು. ಈ ಪ್ರೊಸೆಸರಿಗೆ ನಿಗದಿಪಡಿಸಿದ ಗರಿಷ್ಠ ತಾಪವೂ 100 ಡಿಗ್ರಿಯೇ. ಅಲ್ಲಿಗೆ ತಲುಪಿದ ಕೂಡಲೇ ಅದು ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ಇಳಿಸಿಕೊಳ್ಳುತ್ತದೆ. 5.0ಕ್ಕೆ ಏರಿಸಿಟ್ಟ ವೇಗ 4.4ಕ್ಕೆ ಬಂದು ನಿಂತಿತು. ಅಂದರೆ ಓವರ್‌ಕ್ಲಾಕ್ ಮಾಡಿದ ಮೇಲೆ ಕಂಪ್ಯೂಟರ್ ಮೊದಲಿದ್ದ 4.7ಕ್ಕಿಂತಲೂ ನಿಧಾನವಾಗಿ ಕೆಲಸ ಮಾಡುತ್ತಿತ್ತು.

ಕ್ಯಾಬಿನೆಟ್ಟನ್ನು ಖಾನೆಯಿಂದ ಹೊರಗೆಳೆದು, ಪಕ್ಕದ ಗಾಜನ್ನು ತೆಗೆದು ಮತ್ತೆ ಓಡಿಸಿದೆವು. ತಾಪ ಆಗಲೂ 100ರಲ್ಲೇ ನಿಂತಿದ್ದರಿಂದ ಅವರಿಗೆ ನಿರಾಸೆಯಾಯಿತು. ಆದರೆ ವೇಗ 4.4ರ ಬದಲು 4.7ರಲ್ಲಿ ನಿಂತಿತ್ತು. ಮಿತಿ ಮುಟ್ಟಿದ ಪ್ರೊಸೆಸರಿನಲ್ಲಿ ತಾಪದ ಸಂಖ್ಯೆ ಏನನ್ನೂ ಹೇಳುವುದಿಲ್ಲ. ಅಂಥ ಹೊತ್ತಿನಲ್ಲಿ ನೋಡಬೇಕಾದದ್ದು ವೇಗವನ್ನು ಮತ್ತು ವ್ಯಾಟನ್ನು. ಕೂಲರನ್ನು ಮುಟ್ಟದೆ, ಒಂದು ಸ್ಕ್ರೂ ಕೂಡ ಬದಲಿಸದೆ, ಬರೀ ಜಾಗ ಬದಲಿಸಿ ಗಾಜು ತೆಗೆದದ್ದರಿಂದ 300 ಮೆಗಾಹರ್ಟ್ಸ್ (0.3 ಗಿಗಾಹರ್ಟ್ಸ್) ಮರಳಿ ಸಿಕ್ಕಿತ್ತು.

ಮುಂಭಾಗದ ಜಾಲರಿಯನ್ನು ಕಿತ್ತು ಬೆಳಕಿಗೆ ಹಿಡಿದರೆ ಬೆಳಕೇ ದಾಟುತ್ತಿರಲಿಲ್ಲ. ಪೇಟೆಯ ಕಂಪ್ಯೂಟರುಗಳಲ್ಲಿ ಕಾಣುವ ಬೂದು ಬಣ್ಣದ ಹತ್ತಿಯಂಥ ಧೂಳು ಅದಲ್ಲ. ತಿಳಿಹಳದಿ ಬಣ್ಣದ, ಬೆರಳಲ್ಲಿ ಉಜ್ಜಿದರೆ ಚೂರುಚೂರಾಗುವ ತೆಳ್ಳನೆಯ ಹೊಟ್ಟು. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಎದುರಿನ ಕಣದಲ್ಲಿ ಒಣಗಿಸಿ, ದಿನಕ್ಕೆ ಹಲವು ಸಲ ಕೆದಕುವ ಪಾರ್ಚ್‌ಮೆಂಟ್ ಕಾಫಿಯ (ಹಣ್ಣಿನ ತಿರುಳು ತೆಗೆದ ಬೀಜದ) ಮೇಲಿನ ಸಿಪ್ಪೆ ಅದು. ಕೂಲರಿನ ರೆಕ್ಕೆಗಳ ನಡುವೆಯೂ ಅದೇ ಹೊಟ್ಟು, ಫ್ಯಾನಿನ ಎಣ್ಣೆಯ ಜಿಡ್ಡಿಗೆ ಅಂಟಿಕೊಂಡು ಪದರಗಟ್ಟಿತ್ತು.

ಕೂಲರನ್ನು ಬಿಚ್ಚಿದಾಗ ಪ್ರೊಸೆಸರಿನ ಮೇಲಿದ್ದ, ಶಾಖವನ್ನು ಕೂಲರಿಗೆ ದಾಟಿಸುವ ಪೇಸ್ಟ್ ಎರಡೂ ತುದಿಗಳಲ್ಲಿ ಪಾರದರ್ಶಕವೆನ್ನುವಷ್ಟು ತೆಳ್ಳಗಾಗಿ, ನಡುವೆ ದಪ್ಪಗೆ ಉಳಿದಿತ್ತು. ಎಲ್‌ಜಿಎ1700 ಎಂಬ ಸಾಕೆಟ್ಟಿನ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಉದ್ದನೆಯ ಪ್ರೊಸೆಸರುಗಳಲ್ಲಿ ಇದು ಕಂಡುಬರುವಂಥದ್ದೇ: ಸಾಕೆಟ್ಟಿನ ಲೋಹದ ಚೌಕಟ್ಟು ಪ್ರೊಸೆಸರನ್ನು ನಡುಭಾಗದ ಎರಡು ಬದಿಗಳಲ್ಲಿ ಒತ್ತಿ ಹಿಡಿಯುವುದರಿಂದ ಮೇಲ್ಭಾಗ ನಡುವೆ ತುಸು ತಗ್ಗುತ್ತದೆ, ಶಾಖ ಹುಟ್ಟುವುದು ಸರಿಯಾಗಿ ಆ ತಗ್ಗಿನ ಕೆಳಗೇ. ಆ ಚೌಕಟ್ಟನ್ನು ತೆಗೆದು ಬೇರೆ ಹಾಕುವ ಉಪಾಯವಿದೆ, ಒಂದಿಷ್ಟು ಡಿಗ್ರಿ ಉಳಿಯುವುದೂ ನಿಜ. ವಾರಂಟಿ ಇನ್ನೂ ಇದ್ದ ಗ್ರಾಹಕರ ಬೋರ್ಡಿಗೆ ನಾನು ಆ ಕೈಚಳಕ ತೋರಿಸಲು ಹೋಗಲಿಲ್ಲ.

ಕೂಲರಿಗಿಂತ ಮೊದಲು ವೋಲ್ಟೇಜ್

ಶುಚಿ ಮಾಡಿ ಹೊಸ ಪೇಸ್ಟ್ ಹಚ್ಚಿದ ಮೇಲೆ ಬಯಾಸ್ ತೆರೆದೆ. ಪೂರ್ತಿ ಭಾರದಲ್ಲಿ ಬೋರ್ಡು ತಾನಾಗಿ ಕೊಡುತ್ತಿದ್ದ ವೋಲ್ಟೇಜ್ 1.38, ಪ್ರೊಸೆಸರ್ ಎಳೆಯುತ್ತಿದ್ದುದು 240 ವ್ಯಾಟಿನ ಆಸುಪಾಸು. ಬೋರ್ಡುಗಳು ಹೀಗೆ ಧಾರಾಳವಾಗಿ ಕೊಡುವುದಕ್ಕೆ ಕಾರಣವಿದೆ: ಒಂದೇ ಮಾದರಿಯ ಪ್ರೊಸೆಸರುಗಳಲ್ಲಿ ಕೆಲವು ಕಡಿಮೆ ವೋಲ್ಟೇಜಿನಲ್ಲಿ ಓಡುತ್ತವೆ, ಕೆಲವು ಓಡುವುದಿಲ್ಲ, ಎಲ್ಲವೂ ನಿಲ್ಲದೆ ಓಡಲಿ ಎಂದು ಬೋರ್ಡು ಹೆಚ್ಚಿಗೆ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಆದರೆ ಪ್ರೊಸೆಸರಿನೊಳಗಿನ ಟ್ರಾನ್ಸಿಸ್ಟರುಗಳು ಆನ್-ಆಫ್ ಆಗುತ್ತಿರುವಾಗ ವ್ಯಯವಾಗುವ ವಿದ್ಯುತ್ತು ವೇಗದೊಡನೆ ನೇರ ಪ್ರಮಾಣದಲ್ಲಿ ಏರಿದರೆ, ವೋಲ್ಟೇಜಿನೊಡನೆ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಹಾಗಾಗಿ 1.38ರಿಂದ 1.27ಕ್ಕೆ ಇಳಿಸಿದರೆ ವೋಲ್ಟೇಜ್ ಕಡಿಮೆಯಾಗುವುದು ನೂರಕ್ಕೆ ಎಂಟು. ಶಾಖ ಕಡಿಮೆಯಾಗುವುದು ನೂರಕ್ಕೆ ಹದಿನೈದು.

ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾ ಹೋದೆ. 1.25ರಲ್ಲಿ ಕಂಪ್ಯೂಟರ್ ಚೆನ್ನಾಗಿಯೇ ಓಡಿತು, ಊಟಕ್ಕೆ ಕರೆದರೆಂದು ಎದ್ದು ಹೋಗಿ ಬರುವಷ್ಟರಲ್ಲಿ ನೀಲಿ ಪರದೆ ಬಂದಿತ್ತು. ಐವತ್ತು ನಿಮಿಷ ತಾಳಿಕೊಂಡು ಕೈಕೊಟ್ಟಿತ್ತು. 1.27ರಲ್ಲಿ ಇಡೀ ರಾತ್ರಿ ಓಡಿಸಿದರೂ ನಿಲ್ಲಲಿಲ್ಲ. ಈಗ ಎಳೆಯುತ್ತಿದ್ದುದು 203 ವ್ಯಾಟ್. ಹಳೆಯ ಒಂಟಿ ಗೋಪುರದ ಕೂಲರಿನಲ್ಲಿಯೇ, 30 ಡಿಗ್ರಿಯ ಕೋಣೆಯಲ್ಲಿ, ನಲವತ್ತು ನಿಮಿಷದ ಎಕ್ಸ್‌ಪೋರ್ಟಿನ ಕೊನೆಗೆ 96 ಡಿಗ್ರಿಗೆ ನಿಂತು, ವೇಗ 5.0ರಿಂದ ಕದಲಲಿಲ್ಲ. ಇದರಲ್ಲಿ ಇನ್ನೊಂದು ಲಾಭವನ್ನು ಅವರೇ ಕಂಡುಕೊಂಡರು. ಮೊದಲು ಕರೆಂಟ್ ಹೋದಾಗ ಯುಪಿಎಸ್ ಓವರ್‌ಲೋಡ್ ಎಂದು ಕಿರುಚಿ ಕೆಲವೊಮ್ಮೆ ಆರಿಹೋಗುತ್ತಿತ್ತು, ಈಗ ಫೈಲು ಉಳಿಸಿಕೊಳ್ಳುವಷ್ಟು ಹೊತ್ತು ನಿಲ್ಲುತ್ತಿತ್ತು.

ಕೂಲರಿನ ಪ್ರಶ್ನೆ ಮುಗಿಯಿತೆಂದು ಇದರ ಅರ್ಥವಲ್ಲ. ಶಾಖ ಅಷ್ಟೇ ಇದ್ದರೆ ಕೋಣೆ ಒಂದು ಡಿಗ್ರಿ ಏರಿದಾಗ ಪ್ರೊಸೆಸರೂ ಸುಮಾರಾಗಿ ಒಂದು ಡಿಗ್ರಿ ಏರುತ್ತದೆ. ಹೆಂಚಿನ ಕೋಣೆ ಇನ್ನು ನಾಲ್ಕು ಡಿಗ್ರಿ ಕಾದರೆ 96 ಹೋಗಿ ಮತ್ತೆ ಮಿತಿಗೆ ತಾಗುತ್ತಿತ್ತು. ಫ್ಯಾನಿನ ಕೂಗೂ ನಿಂತಿರಲಿಲ್ಲ. ದೊಡ್ಡ ಕೂಲರ್ ಬೇಕೇ ಇತ್ತು. ಆದರೆ ಈಗ ಅದು ಹೊರಬೇಕಾದ ಭಾರ 240 ಅಲ್ಲ, 203.

ಒಂದೇ ಎಕ್ಸ್‌ಪೋರ್ಟ್, ಎರಡು ಕೂಲರ್

ಅವರ ಕ್ಯಾಬಿನೆಟ್ಟಿನ ಮೇಲ್ಭಾಗದಲ್ಲಿ, ಲಿಕ್ವಿಡ್ ಕೂಲರಿನ ಬಿಸಿಯನ್ನು ಗಾಳಿಗೆ ಬಿಡುವ 240 ಮಿಲಿಮೀಟರ್ ರೇಡಿಯೇಟರ್, ಅಂದರೆ 120ರ ಎರಡು ಫ್ಯಾನುಗಳದ್ದು, ಕೂರುತ್ತಿತ್ತು. ಏರ್ ಕೂಲರಾದರೆ 165 ಮಿಲಿಮೀಟರ್ ಎತ್ತರದವರೆಗೆ ಪಕ್ಕದ ಗಾಜು ತಾಗುತ್ತಿರಲಿಲ್ಲ. ಅಂಗಡಿಯಲ್ಲಿದ್ದ ಒಂದು 240 ಲಿಕ್ವಿಡ್ ಕೂಲರನ್ನೂ, 160 ಮಿಲಿಮೀಟರ್ ಎತ್ತರದ, ಆರು ಹೀಟ್ ಪೈಪಿನ, ಎರಡು ಫ್ಯಾನಿನ ಜೋಡಿ ಗೋಪುರದ ಏರ್ ಕೂಲರನ್ನೂ ತೆಗೆದುಕೊಂಡು ಹೋಗಿ, ಒಂದೇ ಮದುವೆಯ ಒಂದೇ ಪ್ರಾಜೆಕ್ಟನ್ನು ಎರಡರಲ್ಲೂ ಎಕ್ಸ್‌ಪೋರ್ಟ್ ಮಾಡಿಸಿದೆ. ಎರಡೂ ದಿನ ಬೆಳಗ್ಗೆಯ ಹೊತ್ತು, ಕೋಣೆ 30 ಡಿಗ್ರಿ ಇದ್ದಾಗ.

ಮೂರನೇ ನಿಮಿಷಕ್ಕೆ ಲಿಕ್ವಿಡ್ ಕೂಲರಿನಲ್ಲಿ 75 ಡಿಗ್ರಿ, ಜೋಡಿ ಗೋಪುರದಲ್ಲಿ 81. ಅಲ್ಲಿಗೆ ಪರೀಕ್ಷೆ ನಿಲ್ಲಿಸಿದ್ದರೆ ತೀರ್ಪು ಲಿಕ್ವಿಡ್ ಕಡೆಗೇ ಬೀಳುತ್ತಿತ್ತು; ಪಕ್ಕದಲ್ಲಿ ನಿಂತಿದ್ದ ಮಾಲೀಕರು "ನಾನು ಹೇಳ್ಲಿಲ್ವಾ" ಎನ್ನುವ ಮುಖ ಮಾಡಿದ್ದರು. ನಲವತ್ತನೇ ನಿಮಿಷಕ್ಕೆ ಲಿಕ್ವಿಡ್ 82, ಜೋಡಿ ಗೋಪುರ 85. ಆರು ಡಿಗ್ರಿಯ ಅಂತರ ಮೂರಕ್ಕೆ ಇಳಿದಿತ್ತು.

ಇದರ ಕಾರಣವನ್ನು ನಮ್ಮ ಕಡೆಯ ಬಚ್ಚಲುಮನೆಯ ಹಂಡೆ ಚೆನ್ನಾಗಿ ಹೇಳುತ್ತದೆ. ಒಲೆ ಹೊತ್ತಿಸಿದ ತಕ್ಷಣ ಹಂಡೆಯ ನೀರು ಬಿಸಿಯಾಗುವುದಿಲ್ಲ. ಹಾಗೆಂದು ಒಲೆಯ ಶಾಖ ಎಲ್ಲಿಗೂ ಹೋಗಿರುವುದಿಲ್ಲ, ನೀರಿನಲ್ಲಿ ಸೇರುತ್ತಿರುತ್ತದೆ. ಲಿಕ್ವಿಡ್ ಕೂಲರಿನೊಳಗೆ ಸುತ್ತುವ ದ್ರವ ಹೆಚ್ಚಾಗಿ ನೀರು, ಅದರ ಜೊತೆ ಗ್ಲೈಕಾಲ್ ಮತ್ತು ಲೋಹ ಕಿಲುಬದಂತೆ ತಡೆಯುವ ರಾಸಾಯನಿಕ. ಒಂದು ಕಿಲೋ ನೀರು ಒಂದು ಡಿಗ್ರಿ ಏರಲು ಸುಮಾರು 4.18 ಕಿಲೋಜೂಲ್ ಬೇಕು, ಲೋಹಗಳಿಗೆ ಅದರ ಕಾಲು ಪಾಲೂ ಬೇಡ. ಒಳಗಿರುವುದು ಕಾಲು ಲೀಟರ್ ನೀರೆಂದು ಇಟ್ಟುಕೊಂಡರೆ, 203 ವ್ಯಾಟ್ ಪೂರ್ತಿಯಾಗಿ ಅದರಲ್ಲೇ ಉಳಿದಾಗ ಐದು ಸೆಕೆಂಡಿಗೆ ಒಂದು ಡಿಗ್ರಿಯಷ್ಟು ಅದು ಕಾಯುತ್ತದೆ. ರೇಡಿಯೇಟರ್ ಅದನ್ನು ಗಾಳಿಗೆ ಬಿಡುತ್ತಲೂ ಇರುವುದರಿಂದ ಏರಿಕೆ ಕ್ರಮೇಣ ನಿಧಾನವಾಗಿ, ಹಲವು ನಿಮಿಷಗಳ ಮೇಲೆ ಒಂದು ಕಡೆ ನಿಲ್ಲುತ್ತದೆ. ಮೇಲ್ಭಾಗದ ರೇಡಿಯೇಟರ್ ಎಳೆದುಕೊಳ್ಳುವುದು ಕ್ಯಾಬಿನೆಟ್ಟಿನೊಳಗೆ ಗ್ರಾಫಿಕ್ಸ್ ಕಾರ್ಡು ಈಗಾಗಲೇ ಬೆಚ್ಚಗೆ ಮಾಡಿದ ಗಾಳಿಯನ್ನು ಎಂಬುದೂ ಸೇರಿಕೊಳ್ಳುತ್ತದೆ. ಆಟವಾಡುವವರಿಗೆ, ಫೋಟೋ ತಿದ್ದುವವರಿಗೆ, ಎರಡು ನಿಮಿಷ ಭಾರ ಬಿದ್ದು ಐದು ನಿಮಿಷ ಬಿಡುವಿರುವ ಕೆಲಸಗಳಿಗೆ ಈ ಹಂಡೆಯ ಗುಣ ನಿಜಕ್ಕೂ ಉಪಕಾರಿ. ನಲವತ್ತು ನಿಮಿಷ ಒಂದೇ ಸಮನೆ ಉರಿಯುವ ಒಲೆಗೆ ಕೊನೆಗೆ ಲೆಕ್ಕಕ್ಕೆ ಬರುವುದು ಗಾಳಿಗೆ ಮೈಯೊಡ್ಡಿದ ರೆಕ್ಕೆಗಳ ವಿಸ್ತಾರ ಮತ್ತು ಅವುಗಳ ಮೂಲಕ ಹಾಯುವ ಗಾಳಿ ಮಾತ್ರ.

ಲಿಕ್ವಿಡ್ ಎಂದರೆ ನೀರು, ಏರ್ ಎಂದರೆ ಬರೀ ಗಾಳಿ ಎಂಬ ವಿಂಗಡಣೆಯೂ ಪೂರ್ತಿ ಸರಿಯಲ್ಲ. ಏರ್ ಕೂಲರಿನ ತಾಮ್ರದ ಹೀಟ್ ಪೈಪಿನೊಳಗೂ ಕಡಿಮೆ ಒತ್ತಡದಲ್ಲಿ ಕೆಲವು ಹನಿ ನೀರು ಇರುತ್ತದೆ. ಬಿಸಿ ತುದಿಯಲ್ಲಿ ಅದು ಆವಿಯಾಗಿ, ತಣ್ಣನೆ ತುದಿಯಲ್ಲಿ ಹನಿಗೂಡಿ, ಒಳಗೋಡೆಯ ಬತ್ತಿಯಂಥ ಪದರದ ಮೂಲಕ ಹಿಂದಿರುಗುತ್ತದೆ. ಅಲ್ಲಿ ಪಂಪ್ ಇಲ್ಲ, ಸವೆಯುವಂಥದ್ದು ಏನೂ ಇಲ್ಲ. ಎರಡೂ ಬಗೆಯವು ಕೊನೆಗೆ ಶಾಖವನ್ನು ಒಪ್ಪಿಸುವುದು ಕೋಣೆಯ ಗಾಳಿಗೇ. ಆದ್ದರಿಂದ ಎರಡೂ ಕೋಣೆಯ ತಾಪಕ್ಕಿಂತ ಕೆಳಗೆ ಇಳಿಸಲಾರವು.

ತಾಪದ ಪಟ್ಟಿಯಲ್ಲಿ ಕಾಣದ ಇನ್ನೊಂದು ವ್ಯತ್ಯಾಸ ಬೋರ್ಡಿನ ಮೇಲೆ ಕಂಡಿತು. ಪ್ರೊಸೆಸರಿಗೆ ವಿದ್ಯುತ್ ಒದಗಿಸುವ ವಿಆರ್‌ಎಂ ಭಾಗ ಜೋಡಿ ಗೋಪುರದ ಕೆಳಗೆ 78 ಡಿಗ್ರಿಯಲ್ಲಿದ್ದರೆ, ಲಿಕ್ವಿಡ್ ಇದ್ದಾಗ 91ಕ್ಕೆ ಹೋಗಿತ್ತು. ಗೋಪುರದ ಫ್ಯಾನುಗಳ ಗಾಳಿ ಬೋರ್ಡಿಗೂ ಸೋಕುತ್ತದೆ, ಲಿಕ್ವಿಡ್ ಕೂಲರಿನಲ್ಲಿ ಪ್ರೊಸೆಸರಿನ ಮೇಲೆ ಕೂರುವ ಪಂಪಿನ ಗುಂಡಿಯಿಂದ ಯಾವ ಗಾಳಿಯೂ ಬರುವುದಿಲ್ಲ. 91 ಅಪಾಯವಲ್ಲ, ಆದರೆ ವರ್ಷವಿಡೀ ದುಡಿಯುವ ಯಂತ್ರದಲ್ಲಿ ನನಗೆ ಹಿತವೆನಿಸದ ಸಂಖ್ಯೆ.

ಊರಿನ ಲೆಕ್ಕ

"ನಮ್ಮೂರು ತಂಪಲ್ವಾ, ಇಲ್ಲಿ ಇದೆಲ್ಲ ಏಕೆ ಬೇಕು" ಎನ್ನುವವರು ಅಂಗಡಿಗೆ ಬರುತ್ತಲೇ ಇರುತ್ತಾರೆ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿದೆ, ವರ್ಷದ ಬಹುಪಾಲು ತಂಪಾಗಿಯೇ ಇರುತ್ತದೆ ಎಂಬುದು ನಿಜ. ಅದೇ ಎತ್ತರದಿಂದಾಗಿ ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಸುಮಾರು ಹತ್ತನೇ ಒಂದು ಪಾಲು ತೆಳು ಎಂಬುದನ್ನು ಯಾರೂ ಎಣಿಸುವುದಿಲ್ಲ. ಫ್ಯಾನ್ ಅಷ್ಟೇ ವೇಗವಾಗಿ ತಿರುಗಿ ಅಷ್ಟೇ ಘನ ಅಡಿ ಗಾಳಿ ತಳ್ಳಿದರೂ ಆ ಗಾಳಿಯ ತೂಕ ಕಡಿಮೆ, ಅದು ಹೊರುವ ಶಾಖವೂ ಕಡಿಮೆ. ಈ ನಷ್ಟ ಗೋಪುರಕ್ಕೂ ಉಂಟು, ರೇಡಿಯೇಟರಿಗೂ ಉಂಟು. ಹಾಗಾಗಿ ಆಯ್ಕೆಯನ್ನು ಇದು ಬದಲಿಸುವುದಿಲ್ಲ. ಸಮುದ್ರಮಟ್ಟದ ಊರಿನಲ್ಲಿ ಯಾರೋ ಅಳೆದ ಸಂಖ್ಯೆ ಇಲ್ಲಿಯೂ ಬರಬೇಕೆಂದು ನಿರೀಕ್ಷಿಸಬಾರದು, ಅಷ್ಟೇ.

ಮಳೆಗಾಲದಲ್ಲಿ ಲಿಕ್ವಿಡ್ ಕೂಲರಿನ ಪೈಪು ಬೆವರಿ ಬೋರ್ಡು ಸುಡುತ್ತದೆ ಎಂಬ ಭಯವೂ ಮಾಲೀಕರ ಮನೆಯವರಲ್ಲಿತ್ತು. ಜುಲೈನಲ್ಲಿ ಗೋಡೆಯೇ ಬೆವರುವ ಊರಿನಲ್ಲಿ ಆ ಭಯ ಸಹಜ. ಆದರೆ ಪೈಪಿನ ಮೇಲೆ ಹನಿಗೂಡಬೇಕಾದರೆ ಅದು ಸುತ್ತಲಿನ ಗಾಳಿಗಿಂತ ತಣ್ಣಗಿರಬೇಕು. ಇಲ್ಲಿನ ದ್ರವ ಯಾವಾಗಲೂ ಕೋಣೆಗಿಂತ ಬೆಚ್ಚಗಿರುತ್ತದೆಯೇ ಹೊರತು ತಣ್ಣಗಿರುವುದಿಲ್ಲ. ಲಿಕ್ವಿಡ್ ಬೇಡವೆನ್ನಲು ಇದು ಕಾರಣವಾಗಲಾರದು ಎಂದು ಅವರಿಗೆ ಸ್ಪಷ್ಟವಾಗಿಯೇ ಹೇಳಿದೆ.

ಹೊಟ್ಟಿನ ವಿಷಯ ಹಾಗಲ್ಲ. ರೇಡಿಯೇಟರಿನ ರೆಕ್ಕೆಗಳು ಗೋಪುರದ ರೆಕ್ಕೆಗಳಿಗಿಂತ ಒತ್ತೊತ್ತಾಗಿ, ಅಂಕುಡೊಂಕಾಗಿ ಮಡಚಿಕೊಂಡಿರುತ್ತವೆ. ಗೋಪುರದಲ್ಲಿ ಎರಡು ಕ್ಲಿಪ್ ಬಿಚ್ಚಿ ಫ್ಯಾನ್ ತೆಗೆದು ಬ್ಲೋವರ್ ಹಿಡಿದರೆ ಹೊಟ್ಟು ಆ ಬದಿಯಿಂದ ಹಾರಿಹೋಗುತ್ತದೆ. ರೇಡಿಯೇಟರಿನಲ್ಲಿ ಅದು ಫ್ಯಾನಿಗೂ ರೆಕ್ಕೆಗೂ ನಡುವೆ ಕಂಬಳಿಯಂತೆ ಕೂರುತ್ತದೆ. ಎಂಟು ಸ್ಕ್ರೂ ಬಿಚ್ಚದೆ ಅದು ಕಾಣುವುದೂ ಇಲ್ಲ.

ಸಾಗಾಟದ ಪ್ರಶ್ನೆ ಮಾತ್ರ ಏರ್ ಕೂಲರಿಗೆ ವಿರುದ್ಧವಾಗಿತ್ತು. ಅವರು ವರ್ಷಕ್ಕೆ ನಾಲ್ಕೈದು ಸಲ ಈ ಕಂಪ್ಯೂಟರನ್ನು ಓಮ್ನಿಯಲ್ಲಿ ಹೇರಿಕೊಂಡು ಕಲ್ಯಾಣ ಮಂಟಪಗಳಿಗೆ ಲೈವ್ ಮಾಡಲು ಒಯ್ಯುತ್ತಾರೆ. ಜೋಡಿ ಗೋಪುರಗಳ ತೂಕ ಒಂದು ಕಿಲೋ ದಾಟುತ್ತದೆ. ಹೆಸರಾಂತ ನಾಕ್ಟುವಾ ಎನ್‌ಎಚ್-ಡಿ15 ಫ್ಯಾನುಗಳ ಸಮೇತ 1.3 ಕಿಲೋ ತೂಗುತ್ತದೆ. ನಿಲ್ಲಿಸಿದ ಕ್ಯಾಬಿನೆಟ್ಟಿನಲ್ಲಿ ಆ ತೂಕವೆಲ್ಲ ಬೋರ್ಡಿನಿಂದ ಅಡ್ಡಲಾಗಿ ಜೋತುಬಿದ್ದಿರುತ್ತದೆ, ನಮ್ಮ ರಸ್ತೆಗಳ ಗುಂಡಿಗಳಲ್ಲಿ ಪ್ರತಿ ಕುಲುಕಿಗೂ ಬೋರ್ಡನ್ನು ಎಳೆಯುತ್ತದೆ. ಪಂಪಿನ ಗುಂಡಿ ಅದರ ಮುಂದೆ ಹಗುರ. ಈ ಒಂದು ಅಂಶ ನನ್ನನ್ನು ಎರಡು ದಿನ ತಡೆದು ನಿಲ್ಲಿಸಿತು. ಕೊನೆಗೆ ಕ್ಯಾಬಿನೆಟ್ಟನ್ನು ಎಂದೂ ನಿಲ್ಲಿಸಿ ಒಯ್ಯದೆ, ಗಾಜಿನ ಬದಿ ಮೇಲಾಗುವಂತೆ ಮಲಗಿಸಿ, ಕೆಳಗೆ ನಾಲ್ಕು ಮಡಿಕೆಯ ಕಂಬಳಿ ಹಾಸಿ ಒಯ್ಯುವುದೆಂದು ಒಪ್ಪಂದವಾಯಿತು. ಮಲಗಿಸಿದಾಗ ಕೂಲರ್ ಬೋರ್ಡಿನ ಮೇಲೆ ನೇರವಾಗಿ ನಿಂತಿರುತ್ತದೆ, ತೂಕ ಜೋತುಬೀಳುವುದಿಲ್ಲ.

ಕೆಟ್ಟ ದಿನದ ಲೆಕ್ಕ

ನನ್ನ ತೀರ್ಮಾನವನ್ನು ನಿಜವಾಗಿ ನಿರ್ಧರಿಸಿದ್ದು ಮೂರು ಡಿಗ್ರಿಯ ಅಂತರವಲ್ಲ. ಕೂಲರ್ ಕೆಟ್ಟ ದಿನ ಏನಾಗುತ್ತದೆ ಎಂಬ ಪ್ರಶ್ನೆ.

ಇದಕ್ಕೆ ಎರಡು ವರ್ಷ ಮೊದಲು ಮೂಡಿಗೆರೆ ಕಡೆಯ ಗ್ರಾಹಕರೊಬ್ಬರಿಗೆ ನಾನೇ ಲಿಕ್ವಿಡ್ ಕೂಲರ್ ಹಾಕಿಕೊಟ್ಟಿದ್ದೆ. ರೇಡಿಯೇಟರನ್ನು ಮುಂಭಾಗದಲ್ಲಿ, ಅದರ ತಲೆ ಪಂಪಿಗಿಂತ ಕೆಳಗೆ ಬರುವಂತೆ ಕೂರಿಸಿದ್ದೆ. ತಪ್ಪು ನನ್ನದೇ. ಮುಚ್ಚಿದ ಪೈಪಿನಿಂದಲೂ ವರ್ಷಗಳು ಕಳೆದಂತೆ ಸ್ವಲ್ಪ ಸ್ವಲ್ಪವೇ ನೀರು ರಬ್ಬರಿನ ಮೂಲಕ ಆವಿಯಾಗಿ ಹೋಗುತ್ತದೆ, ಆ ಜಾಗದಲ್ಲಿ ಗಾಳಿಯ ಗುಳ್ಳೆ ಉಳಿಯುತ್ತದೆ. ಗುಳ್ಳೆ ಸೇರುವುದು ಎಲ್ಲಕ್ಕಿಂತ ಎತ್ತರದ ಜಾಗಕ್ಕೆ. ಅಲ್ಲಿ ಪಂಪ್ ಇದ್ದರೆ ಅದು ನೀರಿನ ಬದಲು ಗಾಳಿಯನ್ನು ಕಡೆಯುತ್ತದೆ. ಆ ಯಂತ್ರ ಆನ್ ಮಾಡಿದಾಗಲೆಲ್ಲ ಹುಕ್ಕಾ ಎಳೆದಂತೆ ಗುಳುಗುಳು ಎನ್ನುತ್ತಿತ್ತು. ಗ್ರಾಹಕರು ಅದನ್ನು ಲಿಕ್ವಿಡ್‌ನ ಸಹಜ ಸದ್ದೆಂದೇ ತಿಳಿದಿದ್ದರು. ಪಂಪ್ ಒಂದು ದಿನ ನಿಂತೇಹೋಯಿತು. ವಾರಂಟಿ ಇದ್ದರೂ ಪಾರ್ಸೆಲ್ ಬೆಂಗಳೂರಿಗೆ ಹೋಗಿ, ಬದಲಿ ಬಂದು ಕೈಸೇರಲು ಹತ್ತೊಂಬತ್ತು ದಿನ ಹಿಡಿಯಿತು. ಅವರದು ತೋಟದ ಲೆಕ್ಕಪತ್ರದ ಕೆಲಸ, ಹೇಗೋ ನಡೆಯಿತು.

ಮದುವೆ ಸೀಸನ್ನಿನ ಎಡಿಟರಿಗೆ ಹತ್ತೊಂಬತ್ತು ದಿನ ಎಂದರೆ ಅಡ್ವಾನ್ಸ್ ಹಿಂದಿರುಗಿಸುವ ಮಾತು. ರೇಡಿಯೇಟರನ್ನು ಮೇಲ್ಭಾಗದಲ್ಲಿ ಸರಿಯಾಗಿ ಕೂರಿಸಿದರೆ ಲಿಕ್ವಿಡ್ ಕೂಲರ್ ಐದಾರು ವರ್ಷ ತೊಂದರೆ ಕೊಡದೆ ಇರಬಹುದು, ಹೆಚ್ಚಿನವು ಇರುತ್ತವೆ. ಆದರೆ ಕೆಟ್ಟರೆ ಇಡೀ ಘಟಕವನ್ನೇ ಬದಲಿಸಬೇಕು, ಪಂಪನ್ನು ಮಾತ್ರ ಬದಲಿಸಲು ಬರುವುದಿಲ್ಲ. ಏರ್ ಕೂಲರಿನಲ್ಲಿ ಕೆಡಬಹುದಾದದ್ದು ಫ್ಯಾನ್ ಮಾತ್ರ. 120 ಮಿಲಿಮೀಟರಿನ ಫ್ಯಾನ್ ಚಿಕ್ಕಮಗಳೂರಿನಲ್ಲಿ ಯಾವ ಕಂಪ್ಯೂಟರ್ ಅಂಗಡಿಯಲ್ಲಿಯೂ ಸಿಗುತ್ತದೆ. ಒಂದು ಫ್ಯಾನ್ ನಿಂತರೂ ಇನ್ನೊಂದು ತಿರುಗುತ್ತಿರುತ್ತದೆ, ಪಂಪ್ ನಿಂತರೆ ಎರಡನೆಯದು ಎಂಬುದಿಲ್ಲ. ಬೆಲೆಯೂ ಆ ಲಿಕ್ವಿಡ್ ಕೂಲರಿನ ಅರ್ಧಕ್ಕಿಂತ ಕಡಿಮೆ ಇತ್ತು.

ಹೀಗಾಗಿ ಜೋಡಿ ಗೋಪುರವನ್ನೇ ಕೂರಿಸಿದೆ. ಕೂರಿಸುವಾಗ ಒಂದು ತೊಡಕು ಎದುರಾಯಿತು. ಅವರ ರ‍್ಯಾಮ್ ಕಡ್ಡಿಗಳ ಮೇಲೆ ಅಲಂಕಾರದ ಲೋಹದ ಕಿರೀಟವಿದ್ದು, ಮುಂದಿನ ಫ್ಯಾನ್ ಅದಕ್ಕೆ ತಾಗುತ್ತಿತ್ತು. ಫ್ಯಾನನ್ನು ನಾಲ್ಕು ಮಿಲಿಮೀಟರ್ ಮೇಲಕ್ಕೆ ಸರಿಸಿ ಕ್ಲಿಪ್ ಹಾಕಿದೆ. ಗಾಜಿಗೂ ಫ್ಯಾನಿಗೂ ನಡುವೆ ಒಂದು ಪೋಸ್ಟ್‌ಕಾರ್ಡ್ ತೂರುವಷ್ಟೇ ಜಾಗ ಉಳಿಯಿತು. ಕ್ಯಾಬಿನೆಟ್ ಖಾನೆಯಿಂದ ಹೊರಬಂದು ಟೇಬಲ್ಲಿನ ಪಕ್ಕದ ಸ್ಟೂಲಿನ ಮೇಲೆ ಕೂತಿತು.

ಇದೇ ಮನುಷ್ಯ ಐ9-13900ಕೆ ಎಂಬ ಇನ್ನೂ ದೊಡ್ಡ ಪ್ರೊಸೆಸರ್ ಇಟ್ಟುಕೊಂಡಿದ್ದರೆ ನನ್ನ ಸಲಹೆ ಬೇರೆಯಾಗಿರುತ್ತಿತ್ತು. ಅದರ ಟರ್ಬೋ ಮಿತಿಯೇ 253 ವ್ಯಾಟ್. ಓವರ್‌ಕ್ಲಾಕ್ ಮಾಡಿ ಮಿತಿ ತೆಗೆದರೆ ಅದು ಇನ್ನೂ ಮೇಲಕ್ಕೆ ಹೋಗುತ್ತದೆ. ಅಲ್ಲಿ ಮೂರು ಫ್ಯಾನಿನ 360 ರೇಡಿಯೇಟರಿಗೆ ಸರಿಗಟ್ಟುವ ಗೋಪುರವನ್ನು ನಾನು ಕಂಡಿಲ್ಲ. ಆಗ ಲಿಕ್ವಿಡ್ ಹಾಕಿ, ಅದರ ಜೊತೆಗೆ ಸಾಧಾರಣದ್ದೊಂದು ಏರ್ ಕೂಲರನ್ನೂ ಕೊಂಡು ಬೀರುವಿನಲ್ಲಿಡಿ ಎನ್ನುತ್ತಿದ್ದೆ.

ಮುಂದಿನ ಒಂದೂವರೆ ವರ್ಷ

ಆ ಮೇ ತಿಂಗಳಲ್ಲಿ ಕೋಣೆ 34 ಡಿಗ್ರಿ ಮುಟ್ಟಿದ ದಿನ ಪ್ರೊಸೆಸರ್ 89ರಲ್ಲಿ ನಿಂತಿತೆಂದು ಅವರು ಫೋನಿನಲ್ಲಿ ತಿಳಿಸಿದರು. ವೇಗ 5.0ರಲ್ಲೇ ಇತ್ತು. ಸದ್ದಿನ ಬಗ್ಗೆ ಕೇಳಿದ್ದಕ್ಕೆ, ಈಗ ಮನೆಯವರಿಗೆ ಅಲ್ಲ, ತಮಗೇ ನಿದ್ದೆ ಬಂದುಬಿಡುತ್ತದೆ ಎಂದರು.

2024ರ ಫೆಬ್ರುವರಿ ಕೊನೆಗೆ, ಕಣದ ಕೆಲಸ ಮುಗಿದ ಮೇಲೆ ಹೋಗಿ ನೋಡಿದೆ. ಡಿಸೆಂಬರಿನಲ್ಲಿ ತೊಳೆದಿದ್ದ ಜಾಲರಿ ಮತ್ತೆ ಅರ್ಧ ಮುಚ್ಚಿತ್ತು, ಗೋಪುರದ ಮುಂಭಾಗದಲ್ಲಿ ಅದೇ ತಿಳಿಹಳದಿ ಹೊಟ್ಟು ಇತ್ತು. ಬೆಳಗಿನ ತಂಪಿನಲ್ಲಿ, ಕೋಣೆ 26 ಡಿಗ್ರಿ ಇರುವಾಗಲೂ ಎಕ್ಸ್‌ಪೋರ್ಟಿನ ಕೊನೆಗೆ 87 ಬರುತ್ತಿತ್ತು. ಜಗುಲಿಯ ಮೇಲೆ ಕ್ಯಾಬಿನೆಟ್ ಮಲಗಿಸಿ, ಫ್ಯಾನುಗಳನ್ನು ಬಿಚ್ಚಿ, ಹತ್ತು ನಿಮಿಷ ಬ್ಲೋವರ್ ಹಿಡಿದ ಮೇಲೆ ಅದು 81ಕ್ಕೆ ಇಳಿಯಿತು. ಕಣದಲ್ಲಿ ಕಾಫಿ ಇರುವಷ್ಟು ದಿನ ಪ್ರತಿ ಹದಿನೈದು ದಿನಕ್ಕೊಮ್ಮೆ ಜಾಲರಿ ತೊಳೆಯಬೇಕೆಂದು ಹೇಳಿ, ಬ್ಲೋವರ್ ಹಿಡಿಯುವಾಗ ಫ್ಯಾನಿನ ಎಲೆಗೆ ಬೆರಳು ಅಡ್ಡ ಇಟ್ಟು ತಿರುಗದಂತೆ ಹಿಡಿದುಕೊಳ್ಳುವುದನ್ನು ಮಾಡಿ ತೋರಿಸಿದೆ. ಇಲ್ಲವಾದರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಹೇಳಿದ್ದನ್ನು ಅವರು ಪಾಲಿಸಲಿಲ್ಲವೋ, ಫ್ಯಾನೇ ಅಷ್ಟಕ್ಕಷ್ಟೆಯೋ, ಅದೇ ವರ್ಷದ ನವೆಂಬರಿನಲ್ಲಿ ಗೋಪುರದ ಹಿಂಬದಿಯ ಫ್ಯಾನ್ ಕರಕರ ಎಂದು ಅರೆಯತೊಡಗಿತು. ಕಾರ್ತಿಕದ ಮದುವೆಗಳು ನಡೆಯುತ್ತಿದ್ದ ಹೊತ್ತು, ಮಾರನೆಯ ದಿನವೇ ಒಂದು ವಿಡಿಯೋ ಕೊಡಬೇಕಿತ್ತು. ರಾತ್ರಿ ಒಂಬತ್ತಕ್ಕೆ ಫೋನ್ ಬಂತು. ಆ ಫ್ಯಾನಿನ ವೈರನ್ನು ಕಿತ್ತುಬಿಡಿ, ಒಂದೇ ಫ್ಯಾನಿನಲ್ಲಿ ಎಕ್ಸ್‌ಪೋರ್ಟ್ ಹಾಕಿ ಮಲಗಿ ಎಂದೆ. ಬೆಳಗ್ಗೆ ನೋಡಿದರೆ 90 ದಾಟಿರಲಿಲ್ಲ, ಕೆಲಸ ಮುಗಿದಿತ್ತು. ಅಂಗಡಿ ತೆರೆಯುವ ಹೊತ್ತಿಗೆ ಅವರೇ ಬಂದು, ಅಲ್ಲಿ ಬಿದ್ದಿದ್ದ ಹಳೆಯ ಕ್ಯಾಬಿನೆಟ್ಟೊಂದರ ಫ್ಯಾನನ್ನು ತಾತ್ಕಾಲಿಕವಾಗಿ ಇರಲೆಂದು ಒಯ್ದರು. ಕೂಲರಿನ ಕಂಪನಿಯ ಫ್ಯಾನ್ ವಾರಂಟಿಯಲ್ಲಿ ಮೂರು ವಾರದ ಮೇಲೆ ಬಂತು. ಅದು ಇವತ್ತಿಗೂ ಅವರ ಡ್ರಾಯರಿನಲ್ಲಿ ಪ್ಲಾಸ್ಟಿಕ್ ಬಿಚ್ಚದೆ ಕೂತಿದೆ; ಕಪ್ಪು ಗೋಪುರದ ಬೆನ್ನಿಗೆ ನನ್ನ ಹಳೆಯ ಬಿಳಿ ಫ್ಯಾನೇ ತಿರುಗುತ್ತಿದೆ.